ಖಾಲಿ ಕೊಳ

ಈ ಹಳೇ ಈಜುಕೊಳದ ಕಟ್ಟಡದಲ್ಲಿ ಬಟ್ಟೆ ಬದಲಿಸುವ ಕೋಣೆಗಳು ಎರಡು ಸಾಲಾಗಿ ಕೊಳದ ಅಂಚಿಗೇ ಒತ್ತಿಕೊಂಡಿವೆ. ಬೆಳಿಗ್ಗೆ ಚೀಲ ಇಡೋಕೆ ಹೋದರೆ ಎಡಸಾಲಿನ ಒಂದು ಬಾಗಿಲೂ ಮುಚ್ಚಲಿಲ್ಲ. ನಿನ್ನೆಯವರೆಗೆ ಬೆರಳಲ್ಲಿ ತಳ್ಳಿದರೆ ಮುಚ್ಚುತ್ತಿದ್ದ ಬಾಗಿಲುಗಳು! ಮಳೆಗೆ ಮರ ಉಬ್ಬಿದೆ ಅಂದುಕೊಂಡೆ. ಆದರೆ ಬಲಸಾಲಿನವು ಸಲೀಸಾಗಿ ಮುಚ್ಚಿದವು. ಮಳೆ ಏನು ಒಂದೇ ಕಡೆ ಸುರಿಯುತ್ತಾ?

ನಾನು ಹಳೇ ಟೈಲ್ಸ್ ರಿಪೇರಿ ಮಾಡುವವಳು. ಇಲ್ಲಿಗೆ ಕರೆಸಿದ್ದು ನನ್ನ ತಮ್ಮ, ಈ ಕಟ್ಟಡದ ಇಂಜಿನಿಯರ್. ಹುಟ್ಟಿದಾಗಿನಿಂದ ನನ್ನ ಬೈಗುಳ ತಿಂದೇ ಬೆಳೆದವನು. ಕಟ್ಟಡ ಮುತ್ತಜ್ಜಂದಿರ ಕಾಲದ್ದು. ಮೇಲೆ ಗಾಜಿನ ಛಾವಣಿ, ಅದನ್ನು ಹೊತ್ತ ಎರಕದ ಕಬ್ಬಿಣದ ಕಂಬಗಳು, ಆ ಕಂಬಗಳು ನಿಂತಿರುವುದು ಕೊಳದ ಅಂಚಿನ ಮೇಲೆ. ಸುತ್ತಲೂ ಜನ ಕೂತು ನೋಡುವ ಬಾಲ್ಕನಿ. ಕೊಳದ ತಳದಲ್ಲಿ ಟೈಲ್ಸ್ ಚೂರುಗಳಲ್ಲಿ ಮಾಡಿದ ಒಂದು ದೊಡ್ಡ ಮೀನು. ಆಳದ ಕಡೆಗೆ ಬಾಲ, ಹುರುಪೆಗೊಂದು ಹಸಿರು. ಅರ್ಧ ಮೀನು ಒಡೆದುಹೋಗಿತ್ತು. ಕೊಳ ಬರಿದು ಮಾಡಿಸಿ, ಬೇಸಿಗೆಯೆಲ್ಲಾ ಮಂಡಿಯೂರಿ ಕೂತು, ಚೂರುಗಳನ್ನು ಉಜ್ಜಿ, ಕಳೆದುಹೋದ ಬಣ್ಣದ ಚೂರುಗಳನ್ನು ನಾನೇ ಒಲೆಯಲ್ಲಿ ಸುಟ್ಟು ಮಾಡಿ ಕೂರಿಸಿದ್ದೆ. ಕೂರಿಸಿದ್ದು ಸುಣ್ಣದ ಗಾರೆಯಲ್ಲಿ. ಅದು ಸಿಮೆಂಟಿನ ಹಾಗೆ ಬೇಗ ಗಟ್ಟಿಯಾಗುವುದಿಲ್ಲ. ಮೀನಿನ ಹೊಟ್ಟೆ, ಬಾಲ ಇನ್ನೂ ಹಸಿ. ಒಣಗೋವರೆಗೆ ಒಂದು ತೊಟ್ಟು ನೀರು ತಾಕಿಸಿದರೂ ನಿನ್ನ ಚರ್ಮ ಸುಲಿದುಬಿಡ್ತೀನಿ ಅಂತ ತಮ್ಮನಿಗೆ ಹೇಳಿದ್ದೆ. ನನ್ನ ಕೋಪ ಮೂಗಿನ ತುದಿಯಲ್ಲಿರುತ್ತೆ ಅಂತ ಅವನಿಗೆ ಗೊತ್ತು. "ಆಯ್ತಕ್ಕ" ಅಂದಿದ್ದ.

ಮಳೆಯಿಂದಾಗಿ ಕೆಲಸದವರು ಯಾರೂ ಬಂದಿರಲಿಲ್ಲ. ಬಾಗಿಲಿನ ಸುದ್ದಿ ಹೇಳೋಣ ಅಂತ ಹುಡುಕಿದರೆ, ತಮ್ಮ ಬಾಯ್ಲರ್ ಕೋಣೆಯಲ್ಲಿ, ನೆಲದಡಿಯ ನೀರು ನೋಡೋಕೆ ತೋಡಿದ್ದ ಬಾವಿಯೊಳಗೆ ಟಾರ್ಚ್ ಬಿಟ್ಟುಕೊಂಡು ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ಏನೋ ಅದು?"

"ಏನಿಲ್ಲಕ್ಕ. ನೆಲದಡಿ ನೀರು ಸ್ವಲ್ಪ ಮೇಲೆ ಬಂದಿದೆ. ವಾರದಿಂದ ಮಳೆ ಅಲ್ವಾ. ನೋಡೋಣ, ಇಳಿದರೂ ಇಳೀಬಹುದು."

"ಅಡ್ಡಗೋಡೆ ಮೇಲೆ ದೀಪ ಇಡಬೇಡ. ಇಳೀದಿದ್ರೆ?"

ಅವನು ಬಾಯಿ ತೆರೆಯುವ ಮೊದಲೇ ಒಳಗಿಂದ 'ಟಪ್' ಅಂತ ಸದ್ದು ಬಂತು. ಇಬ್ಬರೂ ಓಡಿದೆವು.

ಕೊಳದ ತಳದಲ್ಲಿ, ಎಡ ಅಂಚಿನ ಉದ್ದಕ್ಕೂ ಕೂದಲೆಳೆಯಷ್ಟು ಬಿರುಕು. ನೋಡುತ್ತಿದ್ದ ಹಾಗೇ ಇನ್ನೊಂದು ಟಪ್. ಬಿರುಕಿನ ಒಂದು ಮಗ್ಗುಲು ಮೇಲೆದ್ದಿತು. ಛಾವಣಿಯ ಗಾಜು ಕಿರ್ ಅಂದಿತು. ಮುಚ್ಚದ ಬಾಗಿಲುಗಳೂ ಇದೇ ಕಡೆಯವು.

"ಬಾಯಿ ಬಿಡೋ! ಏನಾಗ್ತಿದೆ?"

"ಖಾಲಿ ಪಾತ್ರೆ ನೀರಿನ ಮೇಲೆ ತೇಲುತ್ತಲ್ಲ, ಹಾಗೆ. ಕೆಳಗಿನ ನೀರು ಇಡೀ ಕೊಳಾನೇ ಎತ್ತುತ್ತಾ ಇದೆ. ಅಂಚು ಎದ್ದರೆ ಕಂಬ ವಾಲುತ್ತೆ. ಕಂಬ ವಾಲಿದರೆ..." ಅವನು ತಲೆಯೆತ್ತಿ ಛಾವಣಿ ನೋಡಿದ.

"ತಡೆಯೋದು ಹೇಗೆ?"

ಅವನ ಭುಜ ಹಿಡಿದು ಅಲ್ಲಾಡಿಸಿದೆ.

"ನೀರು ತುಂಬಿಸಬೇಕು. ಭಾರಕ್ಕೆ ಕೂರುತ್ತೆ."

"ಯಾವಾಗಿಂದ ಗೊತ್ತಿತ್ತು ನಿನಗೆ?"

"ನಿನ್ನೆ ಸಾಯಂಕಾಲದಿಂದ. ಗಾರೆ ಒಣಗಲಿ ಅಂತ ಕಾದೆ. ನಿನ್ನ ಮುಖ ನೋಡಿ ಹೇಳೋಕೆ ಬಾಯೇ ಬರಲಿಲ್ಲ."

ಅಯ್ಯೋ ನನ್ನ ಕರ್ಮವೇ! ಕಪಾಳಕ್ಕೆ ಬಿಗಿಯಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ. ಇಷ್ಟು ದೊಡ್ಡ ಕಟ್ಟಡವನ್ನು ಅಕ್ಕನ ಮೀನಿಗಾಗಿ ಪಣಕ್ಕಿಟ್ಟಿದ್ದ, ಪೆದ್ದ.

"ನಡಿ, ವಾಲ್ವ್ ತೋರಿಸು."

ನೀರು ಬರುವ ಕೊಳವೆ ಆಳದ ಕಡೆಯ ಗೋಡೆಯಲ್ಲಿತ್ತು, ಸರಿಯಾಗಿ ಬಾಲದ ನೆತ್ತಿಗೆ. ಅವನು ಚಕ್ರ ಹಿಡಿದು ಚೂರೇ ಚೂರು ತಿರುಗಿಸಿದ. ನೀರು ಗೋಡೆಗುಂಟ ಮೆಲ್ಲಗೆ ಇಳಿಯಿತು. ನನಗೋಸ್ಕರ ಹಾಗೆ ಬಿಡುತ್ತಿದ್ದಾನೆ ಅಂತ ಗೊತ್ತಾಯಿತು. ಅಷ್ಟರಲ್ಲಿ ಮತ್ತೆ ಟಪ್. ಒಂದು ಗಾಜು ಸಡಿಲಾಗಿ ಬಾಲ್ಕನಿಯ ಮೇಲೆ ಬಿದ್ದು ಪುಡಿಯಾಯಿತು.

"ಪೂರ್ತಿ ತಿರುಗಿಸೋ!"

"ಅಕ್ಕ, ನಿನ್ನ ಮೀನು..."

"ನನ್ನ ಮೀನು, ನಾನೇ ಹೇಳ್ತಿದೀನಲ್ಲ. ತಿರುಗಿಸು!"

ಚಕ್ರ ಹಿಡಿದಿದ್ದ ಅವನ ಕೈ ಮೇಲೆ ನನ್ನ ಕೈಯಿಟ್ಟು ನಾನೇ ಒತ್ತಿ ತಿರುಗಿಸಿದೆ. ನೀರು ಧೋ ಅಂತ ಬಿತ್ತು. ಬಾಲದ ಗಾರೆ ಹಾಲಿನ ಹಾಗೆ ಕದಡಿತು. ಆಮೇಲೆ ಹುರುಪೆಗಳು ಕಿತ್ತುಕೊಂಡು ತೂಬಿನ ಕಡೆಗೆ ಉರುಳತೊಡಗಿದವು. ಒಂದು ಕಡು ಹಸಿರಿನ ಚೂರಿಗಾಗಿ ನಾನು ನಾಲ್ಕು ಸಲ ಒಲೆ ಹೊತ್ತಿಸಿದ್ದೆ. ಅದೂ ಹೋಯಿತು.

ಸ್ವಲ್ಪ ಹೊತ್ತಿಗೆ ಸದ್ದು ನಿಂತಿತ್ತು. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು. ಬಿರುಕು ಬೆಳೆಯುತ್ತಿರಲಿಲ್ಲ. ಕಂಬಗಳು ನೆಟ್ಟಗಿದ್ದವು.

"ನಿಲ್ಲಿಸಲಾ ಅಕ್ಕ?" ತಮ್ಮ ಆಸೆಯಿಂದ ಕೇಳಿದ. "ನೀರು ಇನ್ನೂ ಮೀನಿನ ಹೊಟ್ಟೆ ಮುಟ್ಟಿಲ್ಲ. ಅಷ್ಟಾದರೂ ಉಳಿಯುತ್ತೆ."

"ಹೊರಗೆ ಮಳೆ ನಿಂತಿದೆಯಾ?"

"ಇಲ್ಲ."

"ಹಾಗಾದ್ರೆ ತುಂಬಲಿ" ಅಂದೆ, ಆಮೇಲೆ ಅವನ ಹೆಗಲಿಗೆ ಮುಖ ಒತ್ತಿಕೊಂಡು ಅತ್ತೆ.