ರೋಲರಿನ ಆಚೆಯ ಕೈ

"ಮುಂಡೇದೆ, ಕಣ್ಣೇನು ನೆತ್ತಿ ಮೇಲಿದ್ಯಾ? ಸುಕ್ಕು ನೋಡು, ಸುಕ್ಕು!" ಧಣಿ ಬಿಸಿ ಹಾಸುಬಟ್ಟೆಯನ್ನು ಅವಳ ಮುಖಕ್ಕೇ ಎಸೆದ. ಅವಳು ಅದಕ್ಕೆ ನೀರು ಚಿಮುಕಿಸಿ ಮತ್ತೆ ಇಸ್ತ್ರಿಯ ರೋಲರಿಗೆ ಕೊಟ್ಟಳು.

ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆದು ಇಸ್ತ್ರಿ ಮಾಡುವ ಆ ಕಾರ್ಖಾನೆಯ ಗದ್ದಲದಲ್ಲಿ ನಾಲ್ಕು ಮಾರು ದೂರದ ಕೂಗೂ ಯಾರಿಗೂ ಕೇಳಿಸದು. ಅದಕ್ಕೇ ಕೆಲಸದವರು ತಾವೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಯಾರೇ ಕೈ ಎತ್ತಲಿ, ಸ್ವಿಚ್ಚಿನವನು ಹಿಂದೆಮುಂದೆ ನೋಡದೆ ರೋಲರ್ ನಿಲ್ಲಿಸಬೇಕು. ಹೋದ ವರ್ಷ ಅವಳ ಗಂಡನ ಒಂದು ತೋಳು ಬಟ್ಟೆಯ ಜೊತೆಗೇ ಒಳಗೆ ಹೋಯಿತು. ಅವನು ಇನ್ನೊಂದು ಕೈ ಎತ್ತಿದ. ಸ್ವಿಚ್ಚಿನ ಹತ್ತಿರ ಇದ್ದವನು ಅವನ ಒಡಹುಟ್ಟಿದ ತಮ್ಮನೇ. ಆದರೆ ಧಣಿ ಏನಾಗಿದೆ ಎಂದು ನೋಡುವ ಗೋಜಿಗೂ ಹೋಗದೆ, ಅರ್ಜೆಂಟ್ ಮಾಲು, ನಿಲ್ಲಿಸಬೇಡ ಎಂದು ಬೆರಳಾಡಿಸಿದ್ದ. ತಮ್ಮ ಒಂದು ಗಳಿಗೆ ಧಣಿಯ ಮುಖ ನೋಡಿದ. ಸಾವಿಗೆ ಅಷ್ಟೇ ಸಾಕಾಯಿತು. ಅಂದಿನಿಂದ ಆವಿ ಎದ್ದಾಗಲೆಲ್ಲ ಅವಳಿಗೆ ರೋಲರಿನ ಆಚೆ ಅವನೆತ್ತಿದ ಆ ಕೈ ಕಾಣುತ್ತದೆ. ದೆವ್ವಕ್ಕೆ ಹೆದರುವ ಹೆಂಗಸಲ್ಲ ಅವಳು.

ಧಣಿ ಹಾಸುಬಟ್ಟೆ ಎಸೆದ ಈ ದಿನ ಕನ್ನಡಕದ ಹುಡುಗಿಯೊಬ್ಬಳು ಬಂದಿದ್ದಳು. ದೇಶ ಬೆಳೆದದ್ದು ಸಾಕು, ಇರುವುದನ್ನೇ ಹಂಚಿಕೊಂಡು ಬಾಳೋಣ, ಒಬ್ಬನ ವರಮಾನಕ್ಕೆ ಇಷ್ಟೇ ಎಂಬ ಮಿತಿ ಹಾಕೋಣವೇ ಎಂದು ಜನರನ್ನು ಕೇಳಿ, ಒಪ್ಪಿದವರ ಲೆಕ್ಕ ಬರೆದುಕೊಳ್ಳುತ್ತ ಊರೆಲ್ಲ ಸುತ್ತುತ್ತಿದ್ದಳಂತೆ. ನಾವು ಬೆಳೆದದ್ದು ಯಾವಾಗಪ್ಪಾ ಎಂದು ಬಟ್ಟೆ ಮಡಿಸುವವಳು ಮೂತಿ ತಿರುವಿದಳು. ಧಣಿ ಮಾತ್ರ ಬೆಳಿಗ್ಗೆಯೇ ಎಲ್ಲರಿಗೂ ಹೇಳಿಟ್ಟಿದ್ದ: ನನಗೆ ಮಿತಿ ಹಾಕಿದರೆ ನಿಮ್ಮ ಹೊಟ್ಟೆಗೇ ಹೊಡೆತ, ಹೂಂ ಅಂದವರು ನಾಳೆಯಿಂದ ಬರಬೇಡಿ, ಕೊಟ್ಟಿರುವ ರೂಮನ್ನೂ ಖಾಲಿ ಮಾಡಿ. ಹಾಸಿಗೆ ಹಿಡಿದ ಅವಳ ಅತ್ತೆ ಇರುವುದು ಆ ರೂಮಿನಲ್ಲೇ.

ರೋಲರ್ ನಿಲ್ಲಿಸಲು ಧಣಿ ಒಪ್ಪಲಿಲ್ಲ. ಹುಡುಗಿ ಒಬ್ಬೊಬ್ಬರ ಕಿವಿಯ ಹತ್ತಿರ ಹೋಗಿ, ಮಿತಿ ಬೇಕು ಅನ್ನುವವರು ಕೈ ಎತ್ತಿ ಎಂದು ಕೂಗಿ ಬಂದಳು.

ಎಲ್ಲರೂ ನೆಲ ನೋಡಿದರು. ಧಣಿ ಹಲ್ಲು ಕಿರಿದ. ಭುಸ್ಸೆಂದು ಆವಿ ಎದ್ದಿತು, ಆಚೆ ಆ ಕೈ ಇತ್ತು. ಅವಳಿಗೆ ಅತ್ತೆಯ ನೆನಪಾಯಿತು, ರೂಮಿನ ನೆನಪಾಯಿತು. ಹಾಳಾಗಿ ಹೋಗಲಿ ಎಂದುಕೊಂಡು ಕೈ ಎತ್ತಿದಳು.

ಧಣಿ ಸ್ವಿಚ್ಚಿನ ಹತ್ತಿರವಿದ್ದ ಅವಳ ಮೈದುನನತ್ತ ಬೆರಳಾಡಿಸಿದ, ಅವತ್ತಿನ ಹಾಗೆಯೇ. ಮೈದುನ ಈ ಸಲ ಅವನ ಮುಖ ನೋಡಲಿಲ್ಲ. ಸ್ವಿಚ್ ಎಳೆದ. ರೋಲರ್ ನಿಂತಿತು.

"ಬೋಳೀಮಗನೆ, ಹಾಕೋ ಸ್ವಿಚ್ಚು!" ಅಷ್ಟು ದಿನ ಗದ್ದಲದಲ್ಲಿ ಮುಚ್ಚಿಹೋಗುತ್ತಿದ್ದ ಧಣಿಯ ದನಿ ಈಗ ಕೀರಲಾಗಿ ಕೇಳಿಸಿತು. "ಇವಳಿಗೆ ಗಂಡ ಸತ್ತಾಗಿಂದ ತಲೆ ಕೆಟ್ಟಿದೆ ಮೇಡಂ, ಲೆಕ್ಕಕ್ಕೆ ತಗೋಬೇಡಿ."

ಮೈದುನ ತಾನೂ ಕೈ ಎತ್ತಿದ. "ಅವತ್ತೇ ನಿಲ್ಲಿಸ್ಬೇಕಿತ್ತು ಅತ್ತಿಗೆ," ಅಂದ.

ಹುಡುಗಿ ತಡವರಿಸಿದಳು. "ಹಾಗಾದ್ರೆ... ಎರಡು ಅಂತ ಬರ್ಕೊಳ್ಳಾ?"

"ಮೂರು ಅಂತ ಬರ್ಕೊಳ್ಳವ್ವ," ಅಂದಳು ಅವಳು, ರೋಲರಿನ ಆಚೆಗೇ ನೋಡುತ್ತ. "ನಮ್ಮನೆಯವ್ರು ಹೋದ ವರ್ಷ ಎತ್ತಿದ್ದು, ಇನ್ನೂ ಇಳಿಸಿಲ್ಲ."