ತಲೆ ಹೊರಗಿಟ್ಟ ಮೊಳೆಗಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಮೊಳೆಯಣ್ಣನ ಹತ್ತಿರ ನಡೆಯುತ್ತಿರಲಿಲ್ಲ. ಸಿನಿಮಾ ಸ್ಟುಡಿಯೊದಲ್ಲಿ ಸೆಟ್ ಹಾಕುವ ಬಡಗಿ ಅವನು. ವಾರಕ್ಕೊಂದು ಮನೆ ಕಟ್ಟುತ್ತಿದ್ದ. ಅರಮನೆ, ಆಸ್ಪತ್ರೆ, ಜೈಲು, ಏನು ಕೇಳಿದರೂ ಪ್ಲೈವುಡ್ಡಿನಲ್ಲಿ ಎಬ್ಬಿಸಿ ನಿಲ್ಲಿಸುತ್ತಿದ್ದ. ಮುಂದಿನಿಂದ ನೋಡಿದರೆ ಅರಮನೆ, ಹಿಂದೆ ಹೋದರೆ ಬರೀ ಆನಿಸಿದ ಕಟ್ಟಿಗೆ. ಶೂಟಿಂಗ್ ಮುಗಿದ ಸಂಜೆಯೇ ಅದನ್ನು ಬಿಚ್ಚಿ ಲಾರಿಗೆ ಹೇರಬೇಕು. ಅದಕ್ಕೇ ಕೆಲಸ ಕಲಿಸಿದ ಮೇಸ್ತ್ರಿ ಮೊದಲ ದಿನವೇ ಹೇಳಿಕೊಟ್ಟಿದ್ದ: ಮೊಳೆಯನ್ನು ಪೂರ್ತಿ ಹೊಡೆಯಬೇಡ, ತಲೆ ಒಂದು ಕಾಳಿನಷ್ಟು ಹೊರಗಿರಲಿ, ಕೀಳುವವನಿಗೆ ಸುಲಭ. ಇಪ್ಪತ್ತಾರು ವರ್ಷ ಮೊಳೆಯಣ್ಣ ಆ ಮಾತು ಮೀರಿರಲಿಲ್ಲ.

ಇಂಥವನು ಕೊನೆಗೊಮ್ಮೆ ಸ್ವಂತ ಮನೆ ಮಾಡಿಕೊಂಡ. ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಣಹಾಕುವಷ್ಟು ಜಾಗ. ಬಾಡಿಗೆ ಕೋಣೆಗಳಲ್ಲೇ ಸಂಸಾರ ನೀಗಿಸಿದ್ದ ಹೆಂಡತಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನಿಗೋ ನೆಲವೇ ಇದ್ದಂತಿರಲಿಲ್ಲ. ಕಿಟಕಿಯ ಬಿಸಿಲು ಯಾರೋ ಲೈಟು ಹಾಕಿದಂತೆ ಕಾಣುತ್ತಿತ್ತು. ರಸ್ತೆಯಲ್ಲಿ ಸೈಕಲ್ ತುಳಿಯುವವರು ಯಾರೋ ಹೇಳಿ ಕಳಿಸಿದಂತೆ ಹೋಗುತ್ತಿದ್ದರು. ಹೆಂಡತಿ ಎದುರಿಗೇ ನಿಂತು ಮಾತಾಡಿದರೂ ದನಿ ಪಕ್ಕದ ಕೋಣೆಯಿಂದ ಬಂದ ಹಾಗೆ. ಗೋಡೆಯನ್ನು ಬೆರಳಗಂಟಿನಿಂದ ತಟ್ಟಿ ನೋಡಿದ. ಅಪ್ಪಟ ಇಟ್ಟಿಗೆ, ಗಂಟು ನೋಯಿತು. ಆದರೂ ಸಮಾಧಾನವಿಲ್ಲ. ಮನೆಗೆ ಹಿಂಭಾಗ ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಸುತ್ತು ಹಾಕಿ ಬರುತ್ತಿದ್ದ. ಪಾಪ, ಸಕ್ಕರೆ ಕಾಯಿಲೆ ಇರಬೇಕು, ವಾಕಿಂಗ್ ಮಾಡುತ್ತಾನೆ ಎಂದುಕೊಂಡರು ಪಕ್ಕದ ಮನೆಯವರು.

ಹನ್ನೊಂದು ದಿನವಾದರೂ ಸಾಮಾನಿನ ಪೆಟ್ಟಿಗೆಗಳನ್ನು ಬಿಚ್ಚಲು ಬಿಡಲಿಲ್ಲ. ಇವತ್ತು ಬೇಡ, ನಾಳೆ ನೋಡೋಣ ಎನ್ನುವುದೇ ಆಯಿತು. ಹೆಂಡತಿಯ ಮುಖ ದಿನೇ ದಿನೇ ಇಳಿಯಿತು. ಶನಿವಾರ ಅವಳು ಮೆತ್ತಗೆ ಹೇಳಿಬಿಟ್ಟಳು: “ಈ ಮನೇಲಿ ನಾನೊಬ್ಬಳೇ ಇದೀನಿ. ನೀವಿನ್ನೂ ಬಂದಿಲ್ಲ.”

ಬರಬೇಕೆಂಬ ಆಸೆ ಅವಳಿಗಿಂತ ಅವನಿಗೇ ಹೆಚ್ಚು. ಹೇಗೆ ಬರುವುದೆಂದು ಮಾತ್ರ ತಿಳಿಯದು.

ಭಾನುವಾರ ಹೆಂಡತಿಯ ತಾಯಿ ಬಂದರು. ಗಟ್ಟಿ ಹೆಂಗಸು, ಬಾಯಿಯೂ ಗಟ್ಟಿ. ಮುಂಬಾಗಿಲನ್ನು ಒಮ್ಮೆ ತಳ್ಳಿದರು. ಮೊಳೆಯಣ್ಣ ತಾನೇ ಪ್ರೀತಿಯಿಂದ ಮಾಡಿ ಕೂರಿಸಿದ್ದ ಬಾಗಿಲು ಅದು. ಚೌಕಟ್ಟನ್ನೇ ಬಿಟ್ಟು, ಒಳಗೆ ನಿಂತಿದ್ದ ಅವನ ಹೆಗಲಿಗೆ ಬಂದು ಒರಗಿತು.

“ಅಳಿಯಂದ್ರೇ,” ಎಂದರು ಅತ್ತೆ ಹೊರಗಿನಿಂದ, “ನಾನೂ ಒಳಗೆ ಬರ್ಲೋ, ಬಾಗಿಲು ಬಂದಿದ್ದೇ ಸಾಕೋ?”

ಹೆಂಡತಿ ನಗಲಿಲ್ಲ. ಬಗ್ಗಿ ಕೀಲುಗಳನ್ನು ನೋಡಿದಳು. ಸ್ಕ್ರೂ ಇರಬೇಕಾದಲ್ಲಿ ಮೊಳೆಗಳು. ಒಂದೊಂದರ ತಲೆಯೂ ಕಾಳಿನಷ್ಟು ಹೊರಗೆ. ಮೊಳೆಯಣ್ಣನೂ ಆಗಲೇ ನೋಡಿದ್ದು. ಆಣೆಗೂ ಅವನಿಗೆ ಗೊತ್ತಿರಲಿಲ್ಲ. ಕೈ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು.

“ಇದನ್ನೂ ಸಂಜೆ ಬಿಚ್ಚೋಕೇ ಕಟ್ಟಿದ್ರಾ?” ಎಂದು ಕೇಳಿದಳು.

ಅವನು ಬಾಗಿಲನ್ನು ಗೋಡೆಗೆ ಆನಿಸಿ, ಪೆಟ್ಟಿಗೆಯ ಮೇಲೆ ಕುಸಿದು, ಎಲ್ಲವನ್ನೂ ಹೇಳಿಕೊಂಡ. ಹನ್ನೊಂದು ದಿನದಿಂದ ಕನಸಿನಲ್ಲಿ ಓಡಾಡಿದ ಹಾಗಿದೆ, ಯಾವ ಗಳಿಗೆಯಲ್ಲಿ ಲಾರಿ ಬಂದು ನಿಲ್ಲುತ್ತದೋ ಅನ್ನಿಸುತ್ತದೆ, ತಲೆ ಕೆಟ್ಟಿದೆಯೋ ಏನೋ ಎಂದ.

ಅತ್ತೆ ಇನ್ನೊಂದು ಪೆಟ್ಟಿಗೆ ಎಳೆದುಕೊಂಡು ಕೂತರು. “ತಲೆ ಕೆಟ್ಟೂ ಇಲ್ಲ, ಏನೂ ಇಲ್ಲ. ತುಂಬಾ ಆಸೆಪಟ್ಟಿದ್ದು ಕೈಗೆ ಬಂದ್ರೆ ಮನಸ್ಸು ಒಂದು ಹೆಜ್ಜೆ ಹಿಂದೆ ನಿಂತ್ಕೊಳ್ಳುತ್ತೆ, ನಾಳೆ ಯಾರಾದ್ರೂ ಕಿತ್ಕೊಂಡ್ರೆ ಅಂತ. ಇವಳು ಹುಟ್ಟಿದಾಗ ನಂಗೂ ಯಾರದೋ ಮಗು ಎತ್ಕೊಂಡ ಹಾಗೇ ಇತ್ತು.”

“ಆಮೇಲೆ?” ಎಂದ ಮೊಳೆಯಣ್ಣ.

“ಮೂರನೇ ದಿನ ಮಡಿಲಲ್ಲಿ ಉಚ್ಚೆ ಹೊಯ್ದಳು. ಮತ್ತೆ ಅನುಮಾನ ಬರಲಿಲ್ಲ.”

ಹೆಂಡತಿ ಅಮ್ಮನನ್ನು ಗದರಿದಳು, ಆದರೆ ನಗು ತಡೆಯಲಾಗಲಿಲ್ಲ. ಆ ನಗು ಮೊಳೆಯಣ್ಣನಿಗೆ ಹತ್ತಿರದಿಂದಲೇ ಕೇಳಿಸಿತು.

ಎದ್ದ. ಸುತ್ತಿಗೆ ತೆಗೆದ. ಹೆಂಗಸರಿಬ್ಬರೂ ಬಾಗಿಲನ್ನು ಎತ್ತಿ ಹಿಡಿದರು. ಮೊದಲ ಮೊಳೆ ಒಳಗಿಳಿಯಿತು, ಇಳಿಯಿತು, ಒಂದು ಕಾಳಿನಷ್ಟು ಉಳಿದಾಗ ಕೈ ತಾನಾಗಿ ನಿಂತಿತು. ಇನ್ನೊಂದು ಪೆಟ್ಟು ಬಿದ್ದರೆ ಮತ್ತೆ ಕೀಳಲಾಗದು. ಹೆಂಡತಿಯ ಮುಖ ನೋಡಿದ. ಅವಳು ಉಸಿರು ಬಿಗಿಹಿಡಿದಿದ್ದಳು. ಹೊಡೆದೇ ಹೊಡೆದ. ತಲೆ ಮಟ್ಟಸವಾಗಿ ಕೂತಿತು. ಹೆಬ್ಬೆರಳಿನಿಂದ ಸವರಿದ, ಎಲ್ಲೂ ತಡೆಯಲಿಲ್ಲ. ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಎರಡನೆಯದು, ಮೂರನೆಯದು, ಬೀದಿಗೆಲ್ಲ ಕೇಳುವಂತೆ ಬಡಿದ. ಹುರುಪಿನಲ್ಲಿ ಕೊನೆಯ ಪೆಟ್ಟು ಗುರಿ ತಪ್ಪಿ ಹೊಸ ಬಾಗಿಲಿಗೆ ತಗ್ಗು ಬಿತ್ತು.

“ಆಯ್ತಲ್ಲ,” ಎಂದರು ಅತ್ತೆ, “ಮನೆ ನಿಮ್ಮ ಮಡಿಲಲ್ಲೂ ಉಚ್ಚೆ ಹೊಯ್ತು.”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೊಸ್ತಿಲ ಬಿಸಿಲು ಅವನ ಪಾದಕ್ಕೆ ಚುರುಗುಟ್ಟುತ್ತಿತ್ತು. ಹೆಂಡತಿ ಪೆಟ್ಟಿಗೆಯ ಹಗ್ಗ ಬಿಚ್ಚತೊಡಗಿದಳು; ಅವನು ಬೇಡ ಎನ್ನಲಿಲ್ಲ, ತಾನೇ ತಟ್ಟೆಗಳನ್ನು ಎತ್ತಿಕೊಟ್ಟ.

“ಹಸಿವಾಗ್ತಿದೆ ಕಣೆ. ನಮ್ಮನೇಲಿ ಏನಿದೆ ತಿನ್ನೋಕೆ?”

ಅವನ ಬಾಯಲ್ಲಿ ‘ನಮ್ಮನೆ’ ಎಂಬ ಮಾತು ಬಂದದ್ದು ಅದೇ ಮೊದಲು. ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು. ಆದರೂ ತಟ್ಟೆ ಒರೆಸುತ್ತಾ, “ಏನಂದ್ರಿ? ಇನ್ನೊಂದ್ಸಲ ಹೇಳಿ” ಎಂದಳು.