ಇಪ್ಪತ್ತೊಂಬತ್ತನೆಯ ಗೆಡ್ಡೆ

ನಮ್ಮ ಕ್ರೋಕಸ್ ಹೂವಿನ ಸಂಘದ ಗೋಡೆಯ ಮೇಲೆ ಇಪ್ಪತ್ತೆಂಟು ಪ್ರಮಾಣಪತ್ರಗಳಿದ್ದವು. ಕಿಟಕಿಯ ಕೆಳಗೆ ಇಪ್ಪತ್ತೆಂಟು ಕುಂಡಗಳು. ಕುಂಡಗಳಲ್ಲಿ ಒಳ್ಳೆಯ ಮಣ್ಣಿತ್ತು, ಮಣ್ಣಿನಲ್ಲಿ ಏನೂ ಇರಲಿಲ್ಲ. ಗಿಡ ಎಲ್ಲಿ ಎಂದು ಹೊರಗಿನವರು ಯಾರಾದರೂ ಕೇಳಿದರೆ ನಮ್ಮ ಕಾರ್ಯದರ್ಶಿ ಮರುಕದಿಂದ ಅವರ ಮುಖ ನೋಡಿ, "ಗುರುತಿಸಿ ಆಗಿದೆಯಲ್ಲ!" ಎನ್ನುತ್ತಿದ್ದರು.

ಶರತ್ಕಾಲದಲ್ಲಿ ಹೂಬಿಡುವ ಕ್ರೋಕಸ್‌ಗಳಲ್ಲಿ ಹತ್ತಾರು ಜಾತಿ. ಅಡುಗೆಯ ಕೇಸರಿಯೂ ಅದೇ ಬಳಗದ್ದು. ಹೆಚ್ಚಿನವು ಎಲೆಯ ಸುಳಿವೇ ಇಲ್ಲದೆ ಬರಿಮಣ್ಣಿನಿಂದ ಹೂವನ್ನಷ್ಟೇ ಮೇಲಕ್ಕೆ ದೂಡುತ್ತವೆ. ನೋಡಲು ಎಲ್ಲವೂ ಅಕ್ಕತಂಗಿಯರು. ಗೆಡ್ಡೆಯ ಸಿಪ್ಪೆ ಮಾತ್ರ ಒಂದೊಂದರದು ಒಂದೊಂದು ಬಗೆ: ಕೆಲವಕ್ಕೆ ಬಲೆಯಂಥ ನಾರು, ಕೆಲವಕ್ಕೆ ಬಳೆಯಂಥ ಸುತ್ತು, ಕೆಲವಕ್ಕೆ ಕಾಗದದಂಥ ಪೊರೆ. ನಮ್ಮ ಅಧ್ಯಕ್ಷರು ನಿವೃತ್ತ ಹಲ್ಲಿನ ಡಾಕ್ಟರು. ಬೇರು ಕಿತ್ತು ನೋಡದ ಹೊರತು ಅವರಿಗೆ ಯಾವುದರ ಮೇಲೂ ನಂಬಿಕೆ ಬಾರದು. ಹೂವಿನ ಅಂದಕ್ಕೆ ತೀರ್ಪುಗಾರರು ಮರುಳಾಗಬಾರದೆಂದು ಅವರೊಂದು ನಿಯಮ ಮಾಡಿದ್ದರು: ಹೂವನ್ನೂ ಎಲೆಯನ್ನೂ ಕತ್ತರಿಸಿ, ಗೆಡ್ಡೆಯನ್ನು ತೊಳೆದು, ಲಕೋಟೆಯಲ್ಲಿ ಹಾಕಿ ತರಬೇಕು. ಆಮೇಲೆ ಸಿಪ್ಪೆ ಸುಲಿದು, ಗೆಡ್ಡೆಯನ್ನು ಎರಡು ಹೋಳು ಮಾಡಿ, ಹೆಸರು ಹೇಳಲಾಗುವುದು.

ಸುಲಿಯುವವನು ನಾನು. ಗಡಿಯಾರ ರಿಪೇರಿಯವನ ಬಳಿ ಭೂತಗನ್ನಡಿ, ಚಿಮುಟ, ಸಣ್ಣ ಚಾಕು ಎಲ್ಲ ಇರುತ್ತವಲ್ಲ. ಒಂಬತ್ತು ವರ್ಷ ಸುಲಿದೆ. ಬಿಚ್ಚಿದ ಗಡಿಯಾರವನ್ನು ಮತ್ತೆ ಮುಚ್ಚಿ ನಡೆಸಬಹುದು, ಗೆಡ್ಡೆಯನ್ನು ಆಗುವುದಿಲ್ಲ ಎಂಬ ಸಣ್ಣ ಸಂಗತಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಜನ ಚಪ್ಪಾಳೆ ತಟ್ಟುವಾಗ ಯಾರ ತಲೆ ತಾನೇ ಕೆಲಸ ಮಾಡುತ್ತದೆ?

ಹೋದ ವರ್ಷ ಸಂಘದ ವಾರ್ಷಿಕ ಪ್ರದರ್ಶನಕ್ಕೆ ಎರಡು ದಿನ ಮೊದಲು ಅಕ್ಕ ಅಂಗಡಿಗೆ ಬಂದಳು. ನನಗಿಂತ ಹನ್ನೊಂದು ವರ್ಷ ದೊಡ್ಡವಳು, ಈಗಲೂ ನನ್ನ ಕಿವಿ ಹಿಂಡುವ ಹಕ್ಕು ತನ್ನದೇ ಎಂದುಕೊಂಡವಳು. ಬಂದವಳೇ ಗಿರಾಕಿಯ ಸ್ಟೂಲಿನ ಮೇಲೆ ಕೂತಳು.

"ನನ್ನ ಕುಂಡದಲ್ಲಿ ಹೂ ಬಂದಿದೆ ಕಣೋ. ಸೊಸೆ ಭಾನುವಾರದವರೆಗೆ ಗಡುವು ಕೊಟ್ಟಿದಾಳೆ, ಆಮೇಲೆ ಕಸದ ಬುಟ್ಟಿಗಂತೆ."

"ಯಾಕೆ?"

"ಇದೇ ಥರ ಕಾಣೋ ವಿಷದ ಗಿಡ ಒಂದಿದೆ ಅಂತ ಯಾರೋ ಅವಳ ಕಿವಿಗೆ ಹಾಕಿದಾರೆ. ಮಗು ಸಿಕ್ಕಿದ್ದೆಲ್ಲ ಬಾಯಿಗಿಟ್ಕೊಳ್ಳುತ್ತೆ. ಅವಳದೂ ತಪ್ಪಲ್ಲ ಬಿಡು."

ಆ ಕುಂಡದ ಕಥೆ ನನಗೆ ಗೊತ್ತಿತ್ತು. ಯಾರೋ ಕೊಟ್ಟ ಹೆಸರಿಲ್ಲದ ಬೀಜದ ಪೊಟ್ಟಣ. ಮರಳು ಬೆರೆಸಿದ ಮಣ್ಣಿನಲ್ಲಿ ಅಕ್ಕ ಅದನ್ನು ಬಿತ್ತಿದ್ದಳು. ಮೊದಲ ವರ್ಷ ಹುಲ್ಲಿನಂಥ ಒಂದೇ ಎಳೆ. ಬೇಸಿಗೆಯಲ್ಲಿ ಅದೂ ಒಣಗಿ ಮಾಯ. ಬೇರೆ ಯಾರಾದರೂ ಆಗಿದ್ದರೆ ನೀರು ಸುರಿದು ಗೆಡ್ಡೆ ಕೊಳೆಸುತ್ತಿದ್ದರು, ಇಲ್ಲವೇ ಸತ್ತಿತೆಂದು ಮಣ್ಣನ್ನೇ ಹೊರಗೆ ಚೆಲ್ಲಿಬಿಡುತ್ತಿದ್ದರು. ಅಕ್ಕ ಒಣ ಕುಂಡಕ್ಕೆ ಇಲಿ ಬಾರದಂತೆ ಜರಡಿ ಮುಚ್ಚಿ ನಾಲ್ಕು ವರ್ಷ ಕಾದಿದ್ದಳು. ಗಂಡನಿಗಾಗಿ ಕೂಡ ಅವಳು ಅಷ್ಟು ಕಾದವಳಲ್ಲ.

"ಹೂವಿನ ಒಳಗೆ ಕೇಸರ ಎಣಿಸು," ಎಂದೆ. "ಮೂರಿದ್ರೆ ಕ್ರೋಕಸ್, ಆರಿದ್ರೆ ಆ ವಿಷದ್ದು. ನಮ್ಮ ಪುಸ್ತಕದ ಮೊದಲನೇ ಪುಟದಲ್ಲೇ ಇದೆ."

"ಎಣಿಸಿದೀನಿ, ಮೂರೇ. ಎಲೆ ನಡುವೆ ಬಿಳಿ ಗೆರೆನೂ ಇತ್ತು. ಆದ್ರೆ ಅವಳಿಗೆ ನನ್ನ ಮಾತು ಸಾಲದು, ನಿಮ್ಮ ಸಂಘದ ಮೊಹರು ಬೇಕು. ಬಂದು ನೋಡಿ ಬರ್ಕೊಡಿ."

ನಾನು ನಾಲಿಗೆ ಕಚ್ಚಿಕೊಂಡೆ. ಎಣಿಸಿ ಹೇಳುವುದನ್ನು ಅಧ್ಯಕ್ಷರು 'ಮಕ್ಕಳ ಲೆಕ್ಕ' ಎಂದು ಮೂಗು ಮುರಿಯುತ್ತಿದ್ದರು. ನಿಯಮ ಹೇಳಿದೆ. ಅಕ್ಕ ನನ್ನನ್ನೇ ದಿಟ್ಟಿಸಿದಳು.

"ಅಂದ್ರೆ ಉಳಿಸ್ಕೋಬಹುದು ಅಂತ ಬರ್ಕೊಡೋಕೆ ನೀವು ಅದನ್ನ ಕೊಲ್ಲಬೇಕು?"

"ಅದು ಪದ್ಧತಿ ಅಕ್ಕಾ."

"ನಿನ್ನ ಪದ್ಧತಿಗಿಷ್ಟು!" ಎಂದು ಎದ್ದು ಹೋದಳು.

ನನಗೆ ನಿಜವಾಗಿಯೂ ಸಂಕಟವಾಯಿತು. ಆದರೂ ಮನೆಗೆ ಹೋಗಿ ಚಾಕು ಮಸೆದೆ.

ಶನಿವಾರ ಮಧ್ಯಾಹ್ನ ಅಕ್ಕ ಕಮಕ್ ಕಿಮಕ್ ಎನ್ನದೆ ಲಕೋಟೆ ಹಿಡಿದು ಪ್ರದರ್ಶನಕ್ಕೆ ಬಂದೇಬಿಟ್ಟಳು. ಒಳಗೆ ತೊಳೆದ ಗೆಡ್ಡೆ, ಹೆಬ್ಬೆರಳಿನ ಉಗುರಿನಷ್ಟು. ನಾಲ್ಕು ವರ್ಷದ ಕಾಯುವಿಕೆ ಇಷ್ಟೇನಾ ಎನಿಸಿತು. ಆದರೆ ಭೂತಗನ್ನಡಿ ಕಣ್ಣಿಗೇರಿದ ಮೇಲೆ ನಾನು ಅಕ್ಕನ ತಮ್ಮನಾಗಿ ಉಳಿಯಲಿಲ್ಲ. ಸಿಪ್ಪೆಯನ್ನು ಎಳೆ ಎಳೆಯಾಗಿ ಬಿಡಿಸಿ, "ಬಲೆಯ ನಾರು, ತುಂಬ ಒರಟು," ಎಂದು ಸಾರಿದೆ. ಚಾಕುವಿನಿಂದ ಗೆಡ್ಡೆಯನ್ನು ಎರಡು ಹೋಳು ಮಾಡಿದೆ. ಅಧ್ಯಕ್ಷರು ಹೋಳುಗಳನ್ನು ಬೆಳಕಿಗೆ ಹಿಡಿದರು.

"ಒರಟುಬಲೆ ಕ್ರೋಕಸ್! ಬಹಳ ಅಪರೂಪದ್ದು. ವಿಷ ಅಲ್ಲ."

ಚಪ್ಪಾಳೆಯೋ ಚಪ್ಪಾಳೆ. ಕಾರ್ಯದರ್ಶಿ ದಪ್ಪ ದಾಖಲೆ ಪುಸ್ತಕದಲ್ಲಿ ಬರೆದರು: ಸಂಖ್ಯೆ ಇಪ್ಪತ್ತೊಂಬತ್ತು. ಗುರುತಿಸಲಾಗಿದೆ. ಷರಾ: ಗಿಡ ಉಳಿದಿಲ್ಲ. ಆಮೇಲೆ ಪ್ರಮಾಣಪತ್ರದ ಎರಡು ಪ್ರತಿಗಳಿಗೆ ಮೊಹರು ಒತ್ತಿ, ಒಂದನ್ನು ಗೋಡೆಗೆ ಏರಿಸಿ, ಇನ್ನೊಂದನ್ನು ಅಕ್ಕನ ಕೈಗಿತ್ತರು.

ಬೀದಿಯ ತಿರುವಿನವರೆಗೆ ನಾನು ತಲೆ ತಗ್ಗಿಸಿ ಜೊತೆಗೆ ನಡೆದೆ. "ಕ್ಷಮಿಸು ಅಕ್ಕಾ," ಎಂದೆ.

"ಯಾಕೆ? ಅದು ಕೆಳಗಿನ ಮನೆಯವರ ಗ್ಲಾಡಿಯೋಲಸ್ ಕಣೋ. ಮರಿ ಗೆಡ್ಡೆ, ಒಂದು ಹಿಡಿ ಕೊಟ್ಟಿದ್ರು."

ನಾನು ನಿಂತಲ್ಲೇ ನಿಂತೆ. ಒಂಬತ್ತು ವರ್ಷದ ಅನುಭವ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಗಾಜು, ಊರಿಗೆಲ್ಲ ಬುದ್ಧಿ ಹೇಳುವ ಬಾಯಿ, ಎಲ್ಲ ಸೇರಿ ಒಂದು ಗ್ಲಾಡಿಯೋಲಸ್ಸಿಗೆ ಅಪರೂಪದ ಪಟ್ಟ ಕಟ್ಟಿದ್ದೆವು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಅಕ್ಕನ ಮನೆಗೆ ಹೋಗಿ ಕುಂಡದ ಮುಂದೆ ಕೂತೆ. ನೇರಳೆ ಹೂವು ತೆರೆದುಕೊಂಡಿತ್ತು. ನಾನೂ ಎಣಿಸಿದೆ, ಮೂರು. ಹೂಬಿಟ್ಟ ಕ್ರೋಕಸ್ಸನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು ಎಂದರೆ ನೀವು ನಂಬಲಿಕ್ಕಿಲ್ಲ. ಸೊಸೆ ಪತ್ರವನ್ನು ಎರಡು ಸಲ ಓದಿದಳು. "ತಿನ್ನೋ ವಸ್ತು ಅಂತೂ ಅಲ್ಲ, ಮೇಲೇ ಇರಲಿ," ಎಂದು ಕುಂಡವನ್ನು ಎತ್ತರದ ಕಿಟಕಿಗೆ ಏರಿಸಿದಳು. ಪತ್ರಕ್ಕೆ ಚೌಕಟ್ಟನ್ನೂ ಹಾಕಿಸಿದಳು.

ಈ ವರ್ಷ ಅದೇ ಕುಂಡದಲ್ಲಿ ನಾಲ್ಕು ಹೂ. ಪ್ರದರ್ಶನದ ದಿನ ಅಕ್ಕ ಒಂದು ಕೈಯಲ್ಲಿ ಕುಂಡ, ಇನ್ನೊಂದರಲ್ಲಿ ಮೊಮ್ಮಗಳನ್ನು ಹಿಡಿದು ಸಭಾಂಗಣಕ್ಕೇ ಬಂದುಬಿಟ್ಟಳು. "ಪಾಪ, ಇವರೂ ಒಂದ್ಸಲ ನೋಡ್ಲಿ," ಎಂದು ನನ್ನ ಕಿವಿಯಲ್ಲಿ ಹೇಳಿ, ಕುಂಡವನ್ನು ತೀರ್ಪುಗಾರರ ಮೇಜಿನ ಮೇಲಿಟ್ಟಳು.

ಸದಸ್ಯರು ಕುರ್ಚಿ ಬಿಟ್ಟು ಎದ್ದು ಬಂದರು. ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅವರ ಮುಖ ಮೆತ್ತಗಾಯಿತು.

"ಎಷ್ಟು ಚೆನ್ನಾಗಿದೆ!" ಎಂದರು. "ಏನಮ್ಮಾ ಇದು, ಲಿಲ್ಲಿನಾ?"

ನನಗೆ ನಗು ಬರಲಿಲ್ಲ. ಹೋದ ವರ್ಷದವರೆಗೆ ಅದೇ ಪ್ರಶ್ನೆಯನ್ನು ನಾನೂ ಕೇಳುತ್ತಿದ್ದೆ.

"ಕ್ರೋಕಸ್ಸು. ನಿಮ್ಮ ಇಪ್ಪತ್ತೊಂಬತ್ತು," ಎಂದಳು ಅಕ್ಕ.

ಕಾರ್ಯದರ್ಶಿ ಲಗುಬಗೆಯಿಂದ ಪುಸ್ತಕ ತಿರುವಿದರು. "ಸಾಧ್ಯ ಇಲ್ಲ. ಇಪ್ಪತ್ತೊಂಬತ್ತು ಸತ್ತಿದೆ. ಇಲ್ಲಿ ಬರೆದಿದೆ ನೋಡಿ."

ಮೊಮ್ಮಗಳು ಕುರ್ಚಿ ಹತ್ತಿ ಹೂವಿನೊಳಗೆ ಇಣುಕಿದಳು. "ಒಂದು, ಎರಡು, ಮೂರು. ಇದು ಒಳ್ಳೇದು!"

"ಹಾಗೆಲ್ಲ ಎಣಿಸಿ ಹೇಳೋಕಾಗಲ್ಲ ಪುಟ್ಟೀ," ಎಂದರು ಅಧ್ಯಕ್ಷರು ಅಕ್ಕರೆಯಿಂದಲೇ. ಅವರ ಒಂದು ಕೈ ಕುಂಡವನ್ನು ಹಿಡಿದಿತ್ತು, ಇನ್ನೊಂದು ಅಭ್ಯಾಸದಂತೆ ನನ್ನ ಕಡೆ ಚಾಚಿತು. "ಚಾಕು."

ಅಕ್ಕ ನನ್ನನ್ನು ನೋಡಿದಳು. ಈ ಸಲ ಅವಳ ಬಳಿ ಬದಲಿ ಗೆಡ್ಡೆ ಇರಲಿಲ್ಲ.

"ಮರೆತು ಬಂದೆ ಸಾರ್," ಎಂದೆ.

"ಸರಿ, ಹೋಗಿ ತನ್ನಿ."

"ಇಲ್ಲ ಸಾರ್, ತರಲ್ಲ."

ಪ್ಯಾಂಟಿನ ಜೇಬಿನಲ್ಲಿ ಚಾಕು ತೊಡೆಗೆ ಒತ್ತುತ್ತಿತ್ತು. ನಾನು ಅವರ ಕೈಯಿಂದ ಕುಂಡವನ್ನು ಮೆಲ್ಲಗೆ ಬಿಡಿಸಿಕೊಂಡು ಎದೆಗೆ ಅವುಚಿಕೊಂಡೆ. ಮೊಮ್ಮಗಳು ಎರಡನೆಯ ಹೂವನ್ನು ಎಣಿಸತೊಡಗಿದಳು.